ಹಡಗಿನ ಕೋಣೆ ನೋಡಿಕೊಳ್ಳುವವರಿಗೆ ಕೃತಜ್ಞತೆ ಸಲ್ಲಿಸುವ ಬಗೆ

ಕಾರವಾರ, ಅಂಕೋಲೆಗಳಿಂದ ಮುಂಬೈಗೆ ಹೋಗಿ ವಿಹಾರ ನೌಕೆ ಹತ್ತುವವರು ಮೊದಲು ಬುಕಿಂಗ್ ಪತ್ರದಲ್ಲಿ ಗ್ರ್ಯಾಚ್ಯುಟಿ (ಸಿಬ್ಬಂದಿಗೆ ಕೊಡುವ ಭಕ್ಷೀಸು) ಅಥವಾ ಸೇವಾಶುಲ್ಕದ ಸಾಲನ್ನು ಹುಡುಕಬೇಕು. ಏಕೆಂದರೆ ಅನೇಕ ಕಂಪನಿಗಳು ಈ ಮೊತ್ತವನ್ನು ತಲೆಗೆ, ದಿನಕ್ಕೆ ಇಷ್ಟೆಂದು ಲೆಕ್ಕ ಹಾಕಿ ಟಿಕೆಟ್ಟಿನಲ್ಲಿಯೋ ಹಡಗಿನಲ್ಲಿ ನಿಮ್ಮ ಖರ್ಚು ಬರೆದಿಡುವ ಖಾತೆಯಲ್ಲಿಯೋ ಸೇರಿಸಿಬಿಡುತ್ತವೆ. ಅದು ಸಾಮಾನ್ಯವಾಗಿ ಕೋಣೆಯ ಸಹಾಯಕರು, ಊಟ ಬಡಿಸುವವರು ಮತ್ತು ನಮ್ಮ ಕಣ್ಣಿಗೇ ಬೀಳದ ಕೆಲವು ಸಿಬ್ಬಂದಿಯ ನಡುವೆ ಹಂಚಿಕೆಯಾಗುವುದರಿಂದ, ಅದನ್ನು ತೆಗೆಸಿ ಒಬ್ಬರ ಕೈಗೆ ಮಾತ್ರ ಹಣ ಕೊಡುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ.

ಅದರ ಮೇಲೆ ಕೊಡುವುದು ನಿಮ್ಮ ಇಚ್ಛೆ. ಮಕ್ಕಳು ಹಾಸಿಗೆಯ ತುಂಬ ಮರಳು ಚೆಲ್ಲಿದ್ದರೆ, ಹಿರಿಯರಿಗೆಂದು ಹೊತ್ತಲ್ಲದ ಹೊತ್ತಿನಲ್ಲಿ ಬಿಸಿನೀರು ತರಿಸಿಕೊಂಡಿದ್ದರೆ, ಲಕೋಟೆಯಲ್ಲಿ ನೋಟುಗಳನ್ನಿಟ್ಟು ಕೊನೆಯ ಸಂಜೆಯೇ ಕೋಣೆಯ ಸಹಾಯಕರಿಗೆ ಖುದ್ದಾಗಿ ಕೊಡಿ. ಇಳಿಯುವ ಬೆಳಗಿನ ಗಡಿಬಿಡಿಯಲ್ಲಿ ಅವರು ಸಿಗುವುದು ಕಷ್ಟ. ವಿದೇಶಿ ನಾಣ್ಯಗಳು ಬೇಡ, ಅವುಗಳನ್ನು ಬದಲಾಯಿಸಿಕೊಳ್ಳುವುದು ಅವರಿಗೆ ತೊಡಕು.

ಅಭಿಪ್ರಾಯ ಪತ್ರದಲ್ಲಿ ಅವರ ಹೆಸರು ಮತ್ತು ಮಾಡಿದ ಕೆಲಸವನ್ನು ಸ್ಪಷ್ಟವಾಗಿ ಬರೆಯುವುದನ್ನು ಮರೆಯಬೇಡಿ. ತಿಂಗಳುಗಟ್ಟಲೆ ಒಪ್ಪಂದದ ಮೇಲೆ ದುಡಿಯುವವರಿಗೆ ಅದು ಮೇಲಧಿಕಾರಿಗಳ ಮುಂದೆ ನೆರವಾಗಬಲ್ಲದು. ಉಡುಗೊರೆ ಒಯ್ಯುವುದಾದರೆ ಅಂಗಡಿಯ ಮೊಹರು ಒಡೆಯದ ಗೇರುಬೀಜದ ಪೊಟ್ಟಣ ಸಾಕು; ಮನೆಯಲ್ಲಿ ಕರಿದ ತಿಂಡಿಯನ್ನು ಹಲವು ಹಡಗುಗಳು ಒಳಗೇ ಬಿಡುವುದಿಲ್ಲ.