ಮಾತ್ರೆ ತಪ್ಪಿದ ದಿನ ಏನಾಯ್ತು?

ಎಚ್‌ಐವಿ ಇರುವ ಹದಿಹರೆಯದವರ ಜೊತೆ ಕೆಲಸ ಶುರು ಮಾಡಿದಾಗ ನನಗೆ ಇಪ್ಪತ್ತು ವರ್ಷ. ನನಗೂ ಹುಟ್ಟಿನಿಂದಲೇ ಎಚ್‌ಐವಿ ಇದೆ. ಹಾಗಾಗಿ ಈ ಮಕ್ಕಳಿಗೆ ಏನು ಹೇಳಬೇಕು ಅಂತ ಗೊತ್ತಿದೆ ಅಂದುಕೊಂಡಿದ್ದೆ. ಮೊದಲ ಕೆಲವು ತಿಂಗಳು ಹೇಳಿದ್ದನ್ನೇ ಹೇಳಿದೆ. ಮಾತ್ರೆ ತಪ್ಪಿಸಬೇಡ, ಟೈಮಿಗೆ ಸರಿಯಾಗಿ ತಗೋ, ನಾನು ಚೆನ್ನಾಗಿಲ್ವಾ ನೋಡು. ಎಲ್ಲರೂ ತಲೆಯಾಡಿಸುತ್ತಿದ್ದರು. "ಹೂಂ ಅಕ್ಕ, ದಿನಾ ತಗೋತೀನಿ." ಆಮೇಲೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ರಿಪೋರ್ಟ್ ಬಂದರೆ ಬೇರೆಯದೇ ಕತೆ.

ಹದಿನಾರು ವರ್ಷದ ಒಬ್ಬ ಹುಡುಗಿಯ ಲೆಕ್ಕ ಪ್ರತಿ ತಿಂಗಳೂ ಸರಿಯಾಗಿರುತ್ತಿತ್ತು. ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿರಬೇಕೋ ಅಷ್ಟೇ. ಆದರೆ ವೈರಲ್ ಲೋಡ್ ಇಳಿಯುತ್ತಲೇ ಇರಲಿಲ್ಲ. ಡಾಕ್ಟರ್ ಔಷಧಿಗೆ ವೈರಸ್ ಬಗ್ಗುತ್ತಿಲ್ಲವೇನೋ ಅಂತ ಯೋಚಿಸುತ್ತಿದ್ದರು. ಒಂದು ದಿನ ಅವಳ ಪಕ್ಕ ಕೂತು, ಅಲ್ಲಿಯವರೆಗೆ ಯಾರಿಗೂ ಹೇಳದ ಒಂದು ವಿಷಯ ಹೇಳಿದೆ. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುತ್ತಿದ್ದೆ. ರಕ್ತ ಕಡಿಮೆ ಇದೆ, ಅದಕ್ಕೆ ಈ ಮಾತ್ರೆ ಅಂತ ಮನೆಯಲ್ಲಿ ಹೇಳಿದ್ದರು. ನಿಜ ಏನು ಅಂತ ನಾನೇ ಫೈಲ್ ಓದಿ ತಿಳಿದುಕೊಂಡೆ. ಸಿಟ್ಟೆಲ್ಲ ಮಾತ್ರೆ ಮೇಲೆ ಹೋಯಿತು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾನು ಲೆಕ್ಕದ ಹಿಂದಿನ ದಿನ ಬಚ್ಚಲಿಗೆ ಹಾಕ್ತೀನಿ" ಅಂದಳು.

ಅವತ್ತಿನಿಂದ ನನ್ನ ಪ್ರಶ್ನೆ ಬದಲಾಯಿತು. "ತಪ್ಪದೆ ತಗೊಂಡ್ಯಾ?" ಅಂತ ಕೇಳಿದರೆ ಒಂದೇ ಉತ್ತರ ಸಿಗುತ್ತದೆ. ಈಗ "ಹೋದ ವಾರ ಎಷ್ಟು ದಿನ ತಪ್ಪಿತು?" ಅಂತ ಕೇಳುತ್ತೇನೆ. ತಪ್ಪಿರಬಹುದು ಅಂತ ನಾನೇ ಒಪ್ಪಿಕೊಂಡಿರುವುದರಿಂದ ಅವರಿಗೆ ಬೈಗುಳದ ಭಯ ಇರುವುದಿಲ್ಲ. ಎರಡನೇ ಪ್ರಶ್ನೆ, "ಆ ದಿನ ಏನಾಯ್ತು?" ಆಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಇದೇ ಕಷ್ಟ. ಮಕ್ಕಳು ಮಾತಾಡಲು ಟೈಮ್ ತಗೊಳ್ಳುತ್ತಾರೆ.

ಆಗ ಬರುವ ಉತ್ತರಗಳನ್ನು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಸ್ಟೆಲ್‌ನಲ್ಲಿದ್ದ ಒಬ್ಬ ಹುಡುಗನಿಗೆ ಡಬ್ಬಿಯ ಸದ್ದೇ ಸಮಸ್ಯೆ. ಬ್ಯಾಗಿನಲ್ಲಿ ಗಲಗಲ ಅಂದರೆ ರೂಮಿನವರು ಏನದು ಅಂತ ಕೇಳುತ್ತಿದ್ದರು. ಹಾಗಾಗಿ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದ. ಔಷಧಿ ಕೊಡುವವರನ್ನು ಕೇಳಿದೆವು. ಒಣ ಹತ್ತಿ ಹಾಕಿದರೆ ಪರವಾಗಿಲ್ಲ ಅಂದರು. ಇಬ್ಬರೂ ಕೂತು ಹತ್ತಿ ತುರುಕಿದೆವು. ಅವನು ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಸದ್ದಿಲ್ಲ. ಮತ್ತೊಮ್ಮೆ ಅಲ್ಲಾಡಿಸಿದ. ಆ ಮುಖ ನನಗೆ ಇನ್ನೂ ಕಣ್ಣ ಮುಂದಿದೆ.

ಇನ್ನೊಬ್ಬಳು ನಿಜವಾಗಿಯೂ ದಿನಾ ತಗೊಳ್ಳುತ್ತಿದ್ದಳು. ಆದರೆ ಡೊಲುಟೆಗ್ರಾವಿರ್ ಅನ್ನುವ ಔಷಧಿ ಇರುವ ಎಚ್‌ಐವಿ ಮಾತ್ರೆಯನ್ನೂ ಕಬ್ಬಿಣಾಂಶದ ಮಾತ್ರೆಯನ್ನೂ ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ನುಂಗುತ್ತಿದ್ದಳು. ಹಾಗೆ ಮಾಡಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟದ ಜೊತೆಯಾದರೆ ಎರಡನ್ನೂ ಒಟ್ಟಿಗೆ ತಗೊಳ್ಳಬಹುದು. ಇಲ್ಲದಿದ್ದರೆ ಎಚ್‌ಐವಿ ಮಾತ್ರೆ 2 ಗಂಟೆ ಮೊದಲು, ಅಥವಾ 6 ಗಂಟೆ ನಂತರ. ಅವಳ ದಿನಚರಿಯನ್ನು ಪೂರ್ತಿ ಕೇಳದೇ ಇದ್ದಿದ್ದರೆ ಅವಳನ್ನೂ ಸುಳ್ಳುಗಾತಿ ಅಂದುಬಿಡುತ್ತಿದ್ದೆವು.

ಸ್ವಲ್ಪ ದೊಡ್ಡವರಾದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ನನ್ನನ್ನ ಯಾರಾದ್ರೂ ಮದುವೆ ಆಗ್ತಾರಾ ಅಕ್ಕ?" ಇದಕ್ಕೆ ಬರೀ ಸಮಾಧಾನ ಹೇಳುವುದಿಲ್ಲ, ವಿಷಯ ಹೇಳುತ್ತೇನೆ. ಮಾತ್ರೆಯಿಂದ ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು 'ಪಾರ್ಟ್‌ನರ್' ಎಂಬ ಅಧ್ಯಯನದಲ್ಲಿ ವರ್ಷಗಟ್ಟಲೆ ಗಮನಿಸಿದರು. ಫಲಿತಾಂಶ 2016 ಮತ್ತು 2019ರಲ್ಲಿ ಬಂತು. ವೈರಸ್ ಹತೋಟಿಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಹರಡಿರಲಿಲ್ಲ. ಇದನ್ನು ಕೇಳಿದ ಮೇಲೆ, ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ ಅಂತ ಅತ್ತವರಿದ್ದಾರೆ.

ಮೊದಲ ಭೇಟಿಯಲ್ಲೇ ಇನ್ನೆರಡು ಮಾತು ಆಗಬೇಕು. ಒಂದು, ನನ್ನ ನಂಬರನ್ನು ಫೋನಿನಲ್ಲಿ ಏನಂತ ಸೇವ್ ಮಾಡಿಕೊಳ್ಳುತ್ತೀಯ ಅನ್ನುವುದು. ಒಬ್ಬ ಹುಡುಗಿ 'ಟ್ಯೂಷನ್ ಅಕ್ಕ' ಅಂತ ಹಾಕಿಕೊಂಡಳು. ನಾನು ಮೆಸೇಜಿನಲ್ಲಿ ಕಾಯಿಲೆಯ ಹೆಸರು, ಮಾತ್ರೆಯ ಹೆಸರು ಬರೆಯುವುದೇ ಇಲ್ಲ. ಇನ್ನೊಂದು, ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಕೌನ್ಸೆಲರ್‌ಗೆ ಹೇಳುತ್ತೇನೆ ಅನ್ನುವುದು. ಬದುಕೋದು ಬೇಡ ಅಂತ ಒಬ್ಬ ಹೇಳಿದಾಗ ಅದೇ ದಿನ ಅವನ ಜೊತೆ ಹೋಗಿ ಕೌನ್ಸೆಲರ್ ಮುಂದೆ ಕೂತೆ. ಅದು ನಾನೊಬ್ಬಳೇ ಹೊರುವ ಭಾರ ಅಲ್ಲ. ಈಗ ತಿಂಗಳಿಗೊಮ್ಮೆ ನನಗೂ ಕೌನ್ಸೆಲರ್ ಜೊತೆ ಅಂಥ ಒಂದು ಭೇಟಿ ಇದೆ. ಹೋದ ವಾರ ಎಷ್ಟು ದಿನ ತಪ್ಪಿತು ಅಂತ ಅವರು ನನ್ನನ್ನೂ ಕೇಳುತ್ತಾರೆ.

ನಮ್ಮ ಹಕ್ಕುಗಳಿಗಾಗಿ ಮಾತಾಡುವ ಕೆಲಸ ಇದೇ ಉತ್ತರಗಳಿಂದ ಹುಟ್ಟಿತು. ಅದಕ್ಕೂ ಮೊದಲು ನಮ್ಮನ್ನು ಕರೆಯುತ್ತಿದ್ದದ್ದು ಡಿಸೆಂಬರ್ 1ಕ್ಕೆ, ವಿಶ್ವ ಏಡ್ಸ್ ದಿನಕ್ಕೆ ಮಾತ್ರ. ವೇದಿಕೆ ಹತ್ತು, ನಿನ್ನ ಕತೆ ಹೇಳು, ಚಪ್ಪಾಳೆ, ಫೋಟೊ, ಮುಗೀತು. ನಮ್ಮ ಬಗ್ಗೆ ತೀರ್ಮಾನ ಮಾಡುವ ಸಭೆಗಳಲ್ಲಿ ನಮಗೂ ಕುರ್ಚಿ ಬೇಕು ಅಂತ ಏಡ್ಸ್ ಇದ್ದವರು 1983ರಲ್ಲೇ ಅಮೆರಿಕದ ಡೆನ್ವರ್‌ನಲ್ಲಿ ಬರೆದಿಟ್ಟಿದ್ದರು. ಅವರ ಕೈಲಿ ಆಗ ಔಷಧಿಯೂ ಇರಲಿಲ್ಲ. ನಾವು ಕತೆ ಹೇಳುವುದನ್ನು ನಿಲ್ಲಿಸಿ ಚೀಟಿ ಬರೆಸಲು ಶುರು ಮಾಡಿದೆವು. ಖಾಲಿ ಮಾತ್ರೆ ಡಬ್ಬಿಯೊಂದನ್ನು ಇಟ್ಟೆವು. ಭೇಟಿ ತಪ್ಪಿದ್ದು ಯಾಕೆ, ಮಾತ್ರೆ ತಪ್ಪಿದ್ದು ಯಾಕೆ, ಒಂದು ಸಾಲು ಬರೆದು ಹಾಕಬೇಕು. ಹೆಸರು ಬೇಡ, ವಯಸ್ಸು ಸಾಕು.

ಮೂರು ತಿಂಗಳಾದ ಮೇಲೆ ಚೀಟಿಗಳನ್ನು ಮೇಜಿನ ಮೇಲೆ ಹರಡಿದೆವು. ಜಾಸ್ತಿ ಚೀಟಿಗಳಲ್ಲಿ ಇದ್ದದ್ದು ಶಾಲೆಯ ಮಾತು. ಔಷಧಿ ಕೊಡುವ ಹೊತ್ತು, ಶಾಲೆಯ ಪರೀಕ್ಷೆಯ ಹೊತ್ತು ಎರಡೂ ಒಂದೇ. ಪದೇ ಪದೇ ರಜೆ ಕೇಳಿದರೆ ಟೀಚರ್ ಕಾರಣ ಕೇಳುತ್ತಾರೆ. ಆ ಚೀಟಿಗಳನ್ನೇ ತಗೊಂಡು ಸಭೆಗೆ ಹೋದೆವು. ಭಾಷಣ ಮಾಡಲಿಲ್ಲ, ಒಂದೊಂದೇ ಓದಿದೆವು. ನಮ್ಮ ಬೇಡಿಕೆಯನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದೆವು. ವೈರಸ್ ಹತೋಟಿಯಲ್ಲಿರುವವರಿಗೆ 3 ತಿಂಗಳ ಮಾತ್ರೆ ಒಟ್ಟಿಗೆ ಕೊಡಿ, ವಿಶ್ವ ಆರೋಗ್ಯ ಸಂಸ್ಥೆಯಂತೂ 3ರಿಂದ 6 ತಿಂಗಳ ಮಾತ್ರೆ ಕೊಡಿ ಅನ್ನುತ್ತದೆ. ಶಾಲೆಗೆ ಹೋಗುವವರಿಗೆ ಶನಿವಾರ ಮಧ್ಯಾಹ್ನ ಬಾಗಿಲು ತೆರೆಯಿರಿ. ಎಚ್‌ಐವಿ ಔಷಧಿ ಕೊಡುವ ಕೋಣೆಯ ಮೇಲಿನ ದೊಡ್ಡ ಬೋರ್ಡ್ ತೆಗೆಯಿರಿ, ಅದರ ಕೆಳಗೆ ಕೂತಿದ್ದು ಯಾರು ಅಂತ ಇಡೀ ಕಾರಿಡಾರಿಗೆ ಕಾಣುತ್ತದೆ.

ಮೊದಲನೆಯದಕ್ಕೆ ಬೇಗ ಒಪ್ಪಿದರು. ಶನಿವಾರಕ್ಕೆ ಮತ್ತೆ ಮತ್ತೆ ಓಡಾಡಿದೆವು, ಈಗ ತಿಂಗಳಿಗೆ ಎರಡು ಶನಿವಾರ ಸಿಕ್ಕಿದೆ. ಬಚ್ಚಲಿಗೆ ಮಾತ್ರೆ ಹಾಕುತ್ತಿದ್ದ ಹುಡುಗಿಯೇ ಆ ದಿನ ಬಾಗಿಲ ಹತ್ತಿರ ಕೂತು ಚಿಕ್ಕವರನ್ನು ಮಾತಾಡಿಸುತ್ತಾಳೆ. ಬೋರ್ಡ್ ಇನ್ನೂ ಅಲ್ಲೇ ಇದೆ. ಈ ಸಲದ ಚೀಟಿಗಳಲ್ಲಿ ಅದರದ್ದೇ ಮಾತು ಜಾಸ್ತಿ.