ಕತ್ತಿ ಕೊಳ್ಳುವ ಮುಂಚೆ ಹಿಡಿ ಮೂಸಿ ನೋಡಿ

ಹಳೇ ಕ್ಷೌರದ ಕತ್ತಿ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಅಲಗಿನ ಹೊಳಪು ನೋಡುತ್ತಾರೆ. ನಾನು ಹಿಡಿ ಮೂಸುತ್ತೇನೆ. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ, ತಕ್ಷಣ ಮೂಗಿನ ಹತ್ತಿರ ಹಿಡಿಯಿರಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್, ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್. ಅದನ್ನು ಮಾಡುವಾಗ ಕರ್ಪೂರ ಬೆರೆಸುತ್ತಿದ್ದರು.

ಇದು ನಾನು ಕಳಕೊಂಡು ಕಲಿತ ಪಾಠ. ಅಪ್ಪ ದಾವಣಗೆರೆಯಲ್ಲಿ ಸೆಲೂನ್ ಇಟ್ಟಿದ್ದರು. ಅವರು ಹೋದ ಮೇಲೆ ಅವರ ಐದು ಕತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟೆ. ಎರಡು ಮಳೆಗಾಲ ಕಳೆದು ತೆಗೆದರೆ, ಆಮೆಚಿಪ್ಪಿನ ಬಣ್ಣದ ಹಿಡಿಯೊಂದು ಹಪ್ಪಳದ ಹಾಗೆ ಪುಡಿಯಾಗಿತ್ತು. ಅದರ ಅಲಗು ಹಿಡಿಯೊಳಗೆ ಕೂರುವ ಜಾಗದಲ್ಲೇ ಕೆಂಪಗೆ ತುಕ್ಕು ತಿಂದಿತ್ತು. ಪಕ್ಕದ ಎರಡು ಕತ್ತಿಗಳಿಗೂ ತುಕ್ಕು ಹತ್ತಿತ್ತು. ಹಳತಾದ ಸೆಲ್ಯುಲಾಯ್ಡ್ ಆಮ್ಲದ ಹಬೆ ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆ ಹಬೆ ಎಲ್ಲಿಗೆ ಹೋಗಬೇಕು, ಹೇಳಿ? ಅದಕ್ಕೇ ಇಂಥ ಕತ್ತಿಯನ್ನು ಗಾಳಿಯಾಡುವ ಕಡೆ, ಬೇರೆಯಾಗಿ, ಅಲಗನ್ನು ಅರ್ಧ ತೆರೆದು ಇಡಿ. ಮಕ್ಕಳ ಕೈಗೆ ಸಿಗದ ಜಾಗ ಇರಲಿ. ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡಲೇಬೇಡಿ, ಭಗ್ಗನೆ ಹೊತ್ತಿಕೊಳ್ಳುತ್ತದೆ.

ಹಿಡಿ ಬಿಳಿಯಾಗಿದ್ದರೆ ಇನ್ನೂ ಜಾಗ್ರತೆ. ಭೂತಗನ್ನಡಿ ಹಿಡಿದಾಗ ಸಣ್ಣ ಕಪ್ಪು ಚುಕ್ಕೆ, ಗೀರುಗಳು ಕಂಡರೆ ಮೂಳೆ. ತುದಿಯಲ್ಲಿ ಒಂದನ್ನೊಂದು ದಾಟುವ ಗೆರೆಗಳ ಜಾಲ ಕಂಡರೆ ಆನೆದಂತ. ನಮ್ಮ ದೇಶದಲ್ಲಿ ಅದರ ವ್ಯಾಪಾರ ಅಪರಾಧ. ಎಷ್ಟು ಚೆಂದ ಇದ್ದರೂ ಬಿಟ್ಟು ಬನ್ನಿ.

ಆಮೇಲೆ ಅಲಗಿನ ಬುಡ ಓದಿ. ಇಂಗ್ಲೆಂಡಿನ ಶೆಫೀಲ್ಡ್ ಅಥವಾ ಜರ್ಮನಿಯ ಸೋಲಿಂಗೆನ್ ಎಂಬ ಹೆಸರು ಇದ್ದರೆ ಒಳ್ಳೇ ಉಕ್ಕಿನ ಊರು. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ (ಎಂಟು ಮೊನೆಯ ಶಿಲುಬೆ) ಜೊತೆಗಿದ್ದರೆ ಅದು ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯ ಗುರುತು. ಕಿರೀಟದ ಪಕ್ಕ 'ವಿ ಆರ್' ಅಂತಿದ್ದರೆ ವಿಕ್ಟೋರಿಯಾ ರಾಣಿ ಕಾಲದ್ದು, ಅಂದರೆ 1901ಕ್ಕಿಂತ ಹಿಂದಿನದು. ಉಗುರಿನಿಂದ ಅಲಗನ್ನು ಮೆಲ್ಲಗೆ ತಟ್ಟಿ. ಟಿಣ್ ಅಂದರೆ ಸರಿ. ದಡ್ ಅಂದರೆ ಬಿರುಕು ಇರಬಹುದು, ಬೆಳಕಿಗೆ ಹಿಡಿದು ಹುಡುಕಿ. ಬೆನ್ನು ಸವೆದು ಅಗಲವಾಗಿದ್ದರೆ ಜಾಸ್ತಿ ಸಾಣೆ ಕಂಡಿದೆ ಅಂತ ಅರ್ಥ. ಅಂಥದ್ದಕ್ಕೆ ಬೆಲೆ ಕಡಿಮೆ. ಆದರೂ ನನಗೆ ಅದೇ ಇಷ್ಟ. ಅಪ್ಪನ ಕತ್ತಿಗಳೆಲ್ಲ ತುದಿಯ ಕಡೆ ಹೆಚ್ಚು ಸವೆದಿವೆ. ಸಾಣೆಕಲ್ಲಿನ ಮೇಲೆ ಅವರ ಕೈ ಹಾಗೆ ವಾಲುತ್ತಿತ್ತು.

ಜಿಲೆಟ್ ಸೇಫ್ಟಿ ರೇಝರ್ ಯಾವ ಕಾಲದ್ದು ಅಂತ ಹೇಳೋದು ಹೊಸಬರಿಗೂ ಸುಲಭ. ಅಮೆರಿಕದಲ್ಲಿ ಮಾಡಿದ್ದಾದರೆ ತಲೆಯ ಅಡಿಯಲ್ಲಿ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. 1951ರಿಂದ ಈ ಪದ್ಧತಿ, ಮೊದಲ ನಾಲ್ಕು ವರ್ಷ 'ಡಬ್ಲ್ಯು'ದಿಂದ 'ಝಡ್'ವರೆಗೆ. 'ಎ' ಅಂದರೆ 1955, 'ಬಿ' ಅಂದರೆ 1956, ಹೀಗೆ ಮುಂದಕ್ಕೆ. ಅಂಕಿ ವರ್ಷದ ಯಾವ ಮೂರು ತಿಂಗಳು ಅಂತ ಹೇಳುತ್ತದೆ. 'ಇ 3' ಸಿಕ್ಕರೆ 1959ರ ಜುಲೈಯಿಂದ ಸೆಪ್ಟೆಂಬರ್.

ಸೋಪಿನ ನೊರೆ ಮಾಡುವ ಶೇವಿಂಗ್ ಮಗ್ ನನ್ನ ಹತ್ತಿರ ಒಂದೇ ಇದೆ, ಪೆನ್ಸಿಲ್ವೇನಿಯಾದಲ್ಲಿರುವ ತಂಗಿ ತಂದದ್ದು. ಅದರ ಮೇಲೆ ಕುದುರೆಗಾಡಿಯ ಚಿತ್ರ, ಕೆಳಗೆ ಬಂಗಾರದ ಅಕ್ಷರದಲ್ಲಿ ಗಿರಾಕಿಯ ಹೆಸರು. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಸೆಲೂನಿನ ಗೂಡಿನಲ್ಲಿ ಖಾಯಂ ಗಿರಾಕಿಗಳ ಮಗ್‌ಗಳು ಸಾಲಾಗಿ ಇರುತ್ತಿದ್ದವು. ಕೆಲವರು ತಮ್ಮ ಕಸುಬಿನ ಚಿತ್ರವನ್ನೂ ಬರೆಸುತ್ತಿದ್ದರು. ತಳದಲ್ಲಿ ಫ್ರಾನ್ಸಿನ ಲಿಮೋಜ್ ಮುದ್ರೆ ಇದೆಯಲ್ಲ ಅಂತ ಗಾಬರಿ ಬೇಡ. ಬಿಳಿ ಪಿಂಗಾಣಿ ಯುರೋಪಿನಿಂದ ಬರುತ್ತಿತ್ತು, ಚಿತ್ರ ಬರೆಯುತ್ತಿದ್ದದ್ದು ಅಮೆರಿಕದಲ್ಲಿ. ಕಸುಬಿನ ಮಗ್‌ಗೇ ಬೆಲೆ ಜಾಸ್ತಿ, ನಕಲಿಯೂ ಅದರಲ್ಲೇ ಜಾಸ್ತಿ. ಭೂತಗನ್ನಡಿಯಲ್ಲಿ ಕುಂಚದ ಎಳೆ ಕಾಣಬೇಕು. ಬರೀ ಚುಕ್ಕಿ ಚುಕ್ಕಿ ಕಂಡರೆ ಅಚ್ಚು ಹಾಕಿದ್ದು. ಕೈ ಹಿಡಿಯುವ ಕಡೆ ಬಂಗಾರ ಒಂಚೂರೂ ಸವೆದಿಲ್ಲ ಅಂದರೂ ಅನುಮಾನ ಪಡಿ.

ಹಳೇ ಬ್ರಷ್ ಸಿಕ್ಕರೆ ನೋಡೋಕೆ ಇಡಿ, ಮುಖಕ್ಕೆ ಬೇಡ. ಮೊದಲ ಮಹಾಯುದ್ಧದ ಸಮಯದಲ್ಲಿ ಸರಿಯಾಗಿ ಶುದ್ಧಮಾಡದ ಕುದುರೆಕೂದಲಿನ ಬ್ರಷ್‌ಗಳಿಂದ ಸೈನಿಕರಿಗೆ ಆಂಥ್ರಾಕ್ಸ್ ಎಂಬ ಮಾರಕ ರೋಗ ಬಂದಿತ್ತು.

ತೊಳೆಯೋದು ಅಂದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತನೆ ಟೂತ್‌ಬ್ರಷ್. ಇಷ್ಟು ಸಾಕು. ಹುಣಸೆಹಣ್ಣು, ಸಬೀನಾ ಪುಡಿ ಮುಟ್ಟಿಸಬೇಡಿ, ಮೇಲಿನ ಲೇಪ ಕಿತ್ತುಬರುತ್ತದೆ. ಅಲಗನ್ನು ಒರೆಸುವಾಗ ಯಾವಾಗಲೂ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ. ಪೂರ್ತಿ ಒಣಗಿದ ಮೇಲೆ ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ.

ಕೊಂಡ ದಿನವೇ ದಾರದಲ್ಲಿ ಒಂದು ಚೀಟಿ ಕಟ್ಟಿ. ಯಾರದು, ಯಾವ ಊರು, ಮಾರಿದವರು ಏನು ಹೇಳಿದರು, ಎಲ್ಲ ಬರೆಯಿರಿ. ಉಳಿದ ಅಪ್ಪನ ಕತ್ತಿಯೊಂದಕ್ಕೆ ನಾನು ಹೀಗೆ ಬರೆದಿದ್ದೇನೆ: ಸೋಲಿಂಗೆನ್. ಕೊಂಬಿನ ಹಿಡಿ. ಬಾಗಿಲ ಕಡೆಯ ಕುರ್ಚಿ. ಮದುಮಗನಿಗೆ ಮಾತ್ರ ತೆಗೆಯುತ್ತಿದ್ದರು.