ಒಲೆ ಹಚ್ಚೋ ಮುಂಚೆ ಒಂದು ಬಟ್ಟಲು ಹುರಿಹಿಟ್ಟು

ನಮ್ಮ ಹೆಂಗಸರ ಸಂಘ ರಾಗಿ ಹುರಿದು ಬೀಸಿ ಮಾರೋ ಹುರಿಹಿಟ್ಟಿನ ಕೆಲಸ ನೋಡೋಕೆ ಈ ವರ್ಷ ನಾಲ್ಕೈದು ಸಂಘದವರು ಬಂದು ಹೋದರು. ಎಲ್ಲರೂ ಕೇಳಿದ್ದು ಯಂತ್ರಕ್ಕೆ ಎಷ್ಟಾಯಿತು, ಪ್ಯಾಕೆಟ್ ಎಲ್ಲಿ ಮಾಡಿಸಿದ್ದು, ಅಂಗಡಿಗೆ ಎಷ್ಟು ಕಮಿಷನ್ ಅಂತ. ದಿನಾ ಒಲೆ ಹಚ್ಚೋ ಮುಂಚೆ ನಾವೆಲ್ಲ ಒಟ್ಟಿಗೆ ಕೂತು ಒಂದು ಬಟ್ಟಲು ಹುರಿಹಿಟ್ಟು ತಿನ್ನೋ ವಿಷಯ ತೆಗೆದರೆ ನಕ್ಕರು. ಎರಡು ವರ್ಷದ ಹಿಂದೆ ನಮ್ಮವರೂ ಹೀಗೇ ನಕ್ಕಿದ್ದರು. ಅದಕ್ಕೇ ಬರೆಯೋಕೆ ಕೂತೆ.

ನಮ್ಮದು ಮಧುಗಿರಿ ಕಡೆ. ಸಂಘದಲ್ಲಿ ಹನ್ನೆರಡು ಜನ. ಹತ್ತು ಮನೆಗೆ ಒಂದರಿಂದ ಮೂರು ಎಕರೆ ಹೊಲ ಇದೆ, ಎರಡು ಮನೆಗೆ ಅದೂ ಇಲ್ಲ. ಹೊಲ ಇದೆ ಅಂದೆ, ಆದರೆ ಪಹಣಿಯಲ್ಲಿ ಹೆಸರಿರುವುದು ಇಬ್ಬರದ್ದು ಮಾತ್ರ. ಇಬ್ಬರೂ ಗಂಡ ತೀರಿಕೊಂಡವರು.

ಮೊದಲು ಮಾಡಿದ್ದು ಹುರಿಹಿಟ್ಟಲ್ಲ, ಮೊಳಕೆ ರಾಗಿ ಮಾಲ್ಟ್. 2019ರ ಶ್ರಾವಣದಲ್ಲಿ. ಮೊಳಕೆ ಚೆನ್ನಾಗಿಯೇ ಬಂತು, ಒಣಗಿಸೋಣ ಅಂದರೆ ಮೂರು ದಿನ ಬಿಸಿಲೇ ಇಲ್ಲ. ಬಟ್ಟೆ ಬಿಚ್ಚಿದರೆ ಬೂಷ್ಟು. ಸುಮಾರು 40 ಕೆಜಿ. ಎಮ್ಮೆಗೆ ಹಾಕೋಕೂ ಧೈರ್ಯ ಬರಲಿಲ್ಲ, ತಿಪ್ಪೆಗೆ ಸುರಿದೆವು. ನಮ್ಮತ್ತೆ ಜಗುಲಿ ಮೇಲೆ ಕೂತು ನೋಡ್ತಾ ಇದ್ದವರು, "ನಾವೆಲ್ಲ ಹುರಿಹಿಟ್ಟು ತಿಂದು ಬೆಳೆದೋರು, ನೀವ್ಯಾಕವ್ವಾ ಮಾಲ್ಟು ಮಾಲ್ಟು ಅಂತ ಸಾಯ್ತೀರ" ಅಂದರು. ಆಗ ಸಿಟ್ಟು ಬಂತು. ಆಮೇಲೆ ಅವರನ್ನೇ ಗುರು ಮಾಡಿಕೊಂಡೆವು.

ಹುರಿಹಿಟ್ಟು ಮಾಡೋದು ನಿಮಗೆ ಗೊತ್ತೇ ಇದೆ. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ, ರಾತ್ರಿ ಮುಚ್ಚಿಟ್ಟು, ಬೆಳಗ್ಗೆ ಕಾದ ಮರಳಲ್ಲಿ ಅರಳು ಹುರಿದು, ಜರಡಿ ಹಿಡಿದು ಬೀಸೋದು. ನಮಗೆ ತೊಂದರೆ ಆದದ್ದು ಆ ಮರಳಿನಲ್ಲೇ. ಮನೆಗೆ ಎರಡು ಸೇರು ಹುರಿಯುವಾಗ ಗೊತ್ತಾಗಲ್ಲ, 20 ಕೆಜಿ ಹುರಿದಾಗ ಎಷ್ಟು ಜರಡಿ ಹಿಡಿದರೂ ಒಂಚೂರು ಉಳಿಯುತ್ತೆ. ತುಮಕೂರಲ್ಲಿ ಕೊಂಡ ಮೇಡಮ್ ಒಬ್ಬರು ಫೋನ್ ಮಾಡಿ, "ಹಲ್ಲಿಗೆ ಕಟಕಟ ಅಂತ ಸಿಗುತ್ತಲ್ಲಮ್ಮ" ಅಂದಾಗ ನೆಲ ಬಿರಿದು ಒಳಗೆ ಹೋಗಬಾರದಾ ಅನ್ನಿಸಿತು. ಈಗ ನಾವು ಮರಳು ಬಳಸಲ್ಲ. ಏನು ಬಳಸ್ತೀವಿ ಅಂತ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಯೋಚನೆ ಮಾಡಿ, ನಿಮ್ಮ ಅಡುಗೆಮನೆಯಲ್ಲೇ ಇದೆ.

ಮಾರಾಟದಲ್ಲಿ ಬಿದ್ದ ಏಟು ಇನ್ನೂ ದೊಡ್ಡದು. ಬೆಂಗಳೂರಿನ ಒಂದು ಅಂಗಡಿಯವರು 80 ಪ್ಯಾಕೆಟ್ ಉದ್ದರಿ ತಗೊಂಡರು. ಮೂರು ತಿಂಗಳಾದ ಮೇಲೆ 62 ವಾಪಸ್ ಕೊಟ್ಟರು, ಡೇಟ್ ಮುಗಿದಿತ್ತು. ಮಾರಿದ 18ರ ದುಡ್ಡು ಇವತ್ತಿಗೂ ಬಂದಿಲ್ಲ. ಸ್ಟಿಕ್ಕರ್ ಅಂತ 3,000 ಹಾಕಿದ್ದೆವು, ಅದರಲ್ಲೂ ಊರಿನ ಹೆಸರು ತಪ್ಪು. ಬೂಷ್ಟು, ಮರಳು, ಉದ್ದರಿ ಎಲ್ಲಾ ಸೇರಿ ಮೊದಲ ಎರಡು ವರ್ಷದಲ್ಲಿ ಹದಿನೆಂಟೋ ಇಪ್ಪತ್ತೋ ಸಾವಿರ ಕಳ್ಕೊಂಡೆವು. ನಡುವೆ ಕೊರೊನಾ. ಮೂವರು ಸಂಘ ಬಿಟ್ಟರು, ಬೇರೆ ಮೂವರು ಸೇರಿದರು.

ಯಂತ್ರ ತಂದದ್ದು ಸಣ್ಣ ಆಹಾರ ಉದ್ದಿಮೆಗೆ ಅಂತ ಇದ್ದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ. ಯೋಜನೆಯದ್ದು 35 ಪರ್ಸೆಂಟ್, ಮೇಲೆ ನಮ್ಮ ರಾಜ್ಯ ಸೇರಿಸಿದ್ದು 15, ಒಟ್ಟು ಅರ್ಧ ಸಹಾಯಧನ ಇತ್ತು. ಓದೋಕೆ ಚೆನ್ನಾಗಿದೆ, ಆದರೆ ಮೊದಲು ಬ್ಯಾಂಕಿನವರು ಸಾಲ ಕೊಡಬೇಕಲ್ಲ. ಒಂದು ಬ್ಯಾಂಕಿಗೆ ಒಂಬತ್ತು ಸಲ ಅಲೆದೆ. ಅಲ್ಲಿನ ಸಾಹೇಬರು ಪ್ರತಿ ಸಲವೂ ಕೇಳಿದ್ದು "ಯಜಮಾನರು ಬರಲಿಲ್ವಾ?" ಅಂತ. ಒಂಬತ್ತನೇ ಸಲ ಹನ್ನೆರಡು ಜನವೂ ಹೋಗಿ, ಪಾಸ್‌ಬುಕ್ ಹಿಡ್ಕೊಂಡು ಬೆಂಚಿನ ಮೇಲೆ ಸುಮ್ನೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಫೈಲ್ ಮೇಲೆದ್ದಿತು. ಹುರಿಯೋ ಡ್ರಮ್ಮು, ಸಣ್ಣ ಗಿರಣಿ, ಸೀಲಿಂಗ್ ಮೆಷಿನ್ ಸೇರಿ ಎರಡು ಲಕ್ಷದ ಹತ್ತಿರ ಆಯಿತು. ಆಹಾರದ ನೋಂದಣಿ ಮಾತ್ರ ಸಲೀಸು. ನಾವು ಮಾಡಿಸಿದಾಗ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಅದಕ್ಕೆ ಏಜೆಂಟ್‌ಗೆ 1,500 ಕೊಡಬೇಡಿ. ನಾವು ಕೊಟ್ಟಿದ್ದೆವು.

ಈಗ ರಾಗಿ ಎಲ್ಲಿಂದ ಅನ್ನೋದಕ್ಕೆ ಬರ್ತೀನಿ. ಕಳೆ ತೆಗೆಯೋದು, ಕೊಯ್ಯೋದು, ಕಣದಲ್ಲಿ ತೂರೋದು ನಾವೇ. ಬೆಂಬಲ ಬೆಲೆ ಕೇಂದ್ರಕ್ಕೆ ಹೋದಾಗ ಮಾತ್ರ ಪಹಣಿ ಗಂಡಸರದು, ಫ್ರೂಟ್ಸ್ ಐಡಿ ಅನ್ನೋ ರೈತರ ನೋಂದಣಿ ನಂಬರೂ ಅವರದು, ದುಡ್ಡು ಬೀಳೋ ಖಾತೆಯೂ ಅವರದು. ಅಲ್ವಾ? 2024-25ರಲ್ಲಿ ಕ್ವಿಂಟಾಲ್‌ಗೆ 4,290 ಇತ್ತು. ನಾವು ಸಂಘದಿಂದ ಕೆಜಿಗೆ 42ರಂತೆ ಕೊಂಡೆವು, ದುಡ್ಡನ್ನು ಹೆಂಗಸಿನ ಖಾತೆಗೇ ಹಾಕಿದೆವು. ರೂಪಾಯಿ ಕಡಿಮೆ ಆದರೂ ಹೊಲ ಇದ್ದೋರೆಲ್ಲ ಎರಡೆರಡು ಚೀಲ ನಮಗೆ ಎತ್ತಿಟ್ಟರು. ಗಂಡಸರ ಜೊತೆ ಜಗಳ ಆಗಲಿಲ್ವಾ ಅಂದರೆ, ಆಯಿತು. ಎರಡು ಮನೆಯಲ್ಲಿ ಜೋರಾಗೇ ಆಯಿತು. ರಾಗಿ ನಡುವೆ ಹಾಕೋ ಅಕ್ಕಡಿ ಸಾಲಿನ ಬೆಳೆಗೆ ಮಾತ್ರ ಯಾರೂ ತಕರಾರು ಮಾಡಲಿಲ್ಲ. ಅವರೆ, ಅಲಸಂದೆ, ಹುಚ್ಚೆಳ್ಳು ನಮ್ಮ ಕಡೆ ಮೊದಲಿಂದಲೂ ಹೆಂಗಸರ ಗಂಟು. ಹೊಸದಾಗಿ ಶುರು ಮಾಡೋರು ಹುಚ್ಚೆಳ್ಳಿನಿಂದ ಶುರು ಮಾಡಿ, ರಾಗಿಗೆ ಆಮೇಲೆ ಕೈ ಹಾಕಿ.

ವ್ಯಾಪಾರ ಹಿಡಿತಕ್ಕೆ ಬಂದಿದ್ದು 2023ರಲ್ಲಿ. ಅದೇ ವರ್ಷ ಬಸ್ಸೂ ಫ್ರೀ ಆಯಿತು, ಲಗೇಜಿಗೆ ಮಾತ್ರ ದುಡ್ಡು. ಆಗಲೇ ಆಶಾ ಕಾರ್ಯಕರ್ತೆ ಒಂದಿನ ಶೆಡ್ಡಿಗೇ ಕರೆಸಿ ರಕ್ತ ಪರೀಕ್ಷೆ ಮಾಡಿಸಿದಳು. ಹನ್ನೆರಡರಲ್ಲಿ ಎಂಟು ಜನಕ್ಕೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ, ಅಂದರೆ ರಕ್ತಹೀನತೆ. ನನ್ನದು ಒಂಬತ್ತು ಚಿಲ್ಲರೆ. ಊರಿಗೆಲ್ಲ ಹುರಿಹಿಟ್ಟು ಮಾರೋರು ನಾವು! ನಾಚಿಕೆ ಆಯಿತು. ಯೋಚಿಸಿದರೆ ಹೊಸದೇನಲ್ಲ. ಡೇರಿ ಬಂದ ಮೇಲೆ ಹಾಲೆಲ್ಲ ಕ್ಯಾನಿಗೆ ಹೋಗಿ ಮನೆಗೆ ಟೀ ಹಾಲು ಉಳಿದಿರಲಿಲ್ವಾ, ಅದೇ ಕತೆ.

ಮೊದಲು ಎಲ್ಲರಿಗೂ ವಾರಕ್ಕೆ ಅರ್ಧ ಕೆಜಿ ಪ್ಯಾಕೆಟ್ ಮನೆಗೆ ಕೊಟ್ಟೆವು. ಆರು ತಿಂಗಳು ಕೊಟ್ಟೆವು. ದಂಡ. ಗಂಡ ತಿಂದ, ಮಕ್ಕಳು ತಿಂದವು, ನೆಂಟರಿಗೆ ಕಟ್ಟಿಕೊಟ್ಟರು. ಒಬ್ಬಳು ಪಕ್ಕದ ಮನೆಗೆ ಮಾರಿದ್ದೂ ಗೊತ್ತಾಯಿತು. ಅವಳನ್ನು ಬೈದು ಪ್ರಯೋಜನ ಇಲ್ಲ. ಮನೆಗೆ ಹೋದ ಊಟ ಹೆಂಗಸಿನ ಬಾಯಿಗೆ ಕೊನೆಗೆ ತಾನೇ ಬರೋದು, ಉಳಿದರೆ.

ಆಗ ನಾನು ಹೇಳಿದೆ, ಮನೆಗೆ ಬೇಡ, ಇಲ್ಲೇ ತಿನ್ನೋಣ. ಕೆಲಸದ ಸರದಿ ಇರಲಿ ಬಿಡಲಿ, ಭಾನುವಾರ ಬಿಟ್ಟು ದಿನಾ 11 ಗಂಟೆಗೆ ಶೆಡ್ಡಿಗೆ ಬರಬೇಕು. ಒಂದು ಬಟ್ಟಲು ಹುರಿಹಿಟ್ಟು, ಬೆಲ್ಲ, ಒಂದು ಹಿಡಿ ಕಡಲೆಬೀಜ, ಮೇಲೆ ನಿಂಬೆಹಣ್ಣಿನ ಪಾನಕ. ಎಲ್ಲರೂ ತಿಂದಾದ ಮೇಲೇ ಒಲೆ ಹಚ್ಚೋದು. ಒಂದು ಬಟ್ಟಲಿಗೆ ಏಳು ರೂಪಾಯಿ ಬೀಳುತ್ತೆ, ವರ್ಷಕ್ಕೆ 25,000 ಆಸುಪಾಸು. ಖಜಾಂಚಿ ಕುಣಿದಾಡಿಬಿಟ್ಟಳು. "ತಲಾ ಎರಡು ಸಾವಿರ ಲಾಭ ತಿಂದು ಹಾಕ್ತೀವಲ್ಲಕ್ಕ!" ತರಬೇತಿಗೆ ಬಂದಿದ್ದ ಸರ್ ಕೂಡ ಅದು ಅನಾವಶ್ಯಕ ಖರ್ಚು ಅಂದರು. ಮೂರು ತಿಂಗಳು ನೋಡೋಣ ಅಂತ ಹಟ ಹಿಡಿದೆ.

ಒಂದು ವರ್ಷ ಬಿಟ್ಟು ಪರೀಕ್ಷೆ ಮಾಡಿಸಿದರೆ ಕಡಿಮೆ ಇದ್ದ ಎಂಟರಲ್ಲಿ ಉಳಿದದ್ದು ಮೂವರು. ನನ್ನದು ಹನ್ನೊಂದೂವರೆ ದಾಟಿದೆ, ಅಂದರೆ ಆ ಮೂವರಲ್ಲಿ ನಾನೂ ಒಬ್ಬಳು. ಬರೀ ಹುರಿಹಿಟ್ಟಿನಿಂದ ಆಯಿತು ಅನ್ನಲ್ಲ, ಕಬ್ಬಿಣದ ಮಾತ್ರೆಯನ್ನೂ ಆ ಬಟ್ಟಲಿನ ಹೊತ್ತಿಗೇ ಎಲ್ಲರ ಎದುರಿಗೆ ನುಂಗ್ತಾ ಇದ್ದೆವು. ಮನೆಯಲ್ಲಿ ಆ ಮಾತ್ರೆ ಡಬ್ಬಿಯಲ್ಲೇ ಇರ್ತಿತ್ತು. ಇನ್ನೊಂದು ಲಾಭ ನಾನು ಅಂದಾಜು ಮಾಡಿರಲಿಲ್ಲ. ದಿನಾ ಕೂರೋದರಿಂದ ಲೆಕ್ಕ ದಿನಾ ಬಾಯಿಗೆ ಬರುತ್ತೆ. ಯಾರ ಮನೆಯಲ್ಲಿ ದುಡ್ಡು ಕಿತ್ಕೊಂಡರು, ಯಾವ ಅಂಗಡಿಯವನು ಸತಾಯಿಸ್ತಾನೆ, ಎಲ್ಲಾ ಅಲ್ಲೇ ತೀರ್ಮಾನ. ತಿಂಗಳ ಸಭೆಗೆ ಬರದೆ ಇದ್ದೋರು ಬಟ್ಟಲಿಗೆ ಬರ್ತಾರೆ.

ನಡುವೆ ನುಗ್ಗೆಸೊಪ್ಪಿನ ಪುಡಿಯನ್ನು ಹುರಿಹಿಟ್ಟಿಗೆ ಬೆರೆಸಿ ನೋಡಿದೆ. ಹಸಿರು ಬಣ್ಣ, ಹುಲ್ಲಿನ ವಾಸನೆ, ಅಂಗನವಾಡಿ ಮಕ್ಕಳು ಥೂ ಅಂತ ಉಗಿದರು. ಅದೇ ಪುಡಿ ಹುಚ್ಚೆಳ್ಳು ಚಟ್ನಿಪುಡಿಗೆ ಹೋದಾಗ ಯಾರಿಗೂ ಗೊತ್ತಾಗಲಿಲ್ಲ. ಈಗ ಅದು ಹುರಿಹಿಟ್ಟಿಗಿಂತ ಜೋರಾಗಿ ಖಾಲಿ ಆಗುತ್ತೆ. ಅಳತೆ ಕೇಳಬೇಡಿ.

ಹೋದ ವರ್ಷ ಆರು ಲಕ್ಷದ ಮೇಲೆ ವಹಿವಾಟು ಆಗಿದೆ. ದಿನಕ್ಕೆ 300 ಕೂಲಿ ಬೇರೆ. ಬಟ್ಟಲಿನ ಖರ್ಚು, ಸಾಲದ ಕಂತು ಕಳೆದು ತಲಾ ಒಂಬತ್ತು ಸಾವಿರ ಹಂಚಿಕೊಂಡೆವು. ಖಜಾಂಚಿ ಈಗ ಕಡಲೆಬೀಜ ತಾನೇ ಹುರಿದು ತರ್ತಾಳೆ.

ಟೀ ಜಗಳ ಮಾತ್ರ ಮುಗಿದಿಲ್ಲ. ಊಟದ ಜೊತೆ ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ, ಒಂದು ಗಂಟೆ ಬಿಟ್ಟು ಕುಡೀರಿ ಅಂತ ಆಶಾ ಹೇಳಿದ್ದಾಳೆ. ಒಂದು ಗಂಟೆ ಯಾರು ಕಾಯ್ತಾರೆ? ಬಟ್ಟಲು ಕೆಳಗಿಟ್ಟ ಕೂಡಲೇ ಫ್ಲಾಸ್ಕ್ ಮುಚ್ಚಳ ತಿರುಗಿಸೋ ಸದ್ದು ಕೇಳುತ್ತೆ. ಹೋದ ವಾರ ಫ್ಲಾಸ್ಕ್ ನಮ್ಮ ಮನೇಲಿ ಬಚ್ಚಿಟ್ಟೆ. ನಮ್ಮತ್ತೆಯೇ ತೆಗೆದು ಕೊಟ್ಟುಬಿಟ್ಟರು.